ವಿಮರ್ಶೆಯಲ್ಲಿ ಕತೆಯ ಕೊನೆ ಹೇಳಬಹುದಾ?

ಪ್ರಶ್ನೆ: ಕಾದಂಬರಿ ಬಗ್ಗೆ ಬರೆಯುವಾಗ ಕತೆ ಎಷ್ಟು ಹೇಳಬೇಕು? ಕೊನೆ ಹೇಳಿಬಿಟ್ಟರೆ ಓದುವವರ ಮಜಾ ಹಾಳಾಗಲ್ವಾ?

ಕಾದಂಬರಿ ಬರೆಯುತ್ತೇನೆ, ಆಗಾಗ ವಿಮರ್ಶೆಯನ್ನೂ ಬರೆಯುತ್ತೇನೆ ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಇದನ್ನೇ. ಗಾಂಧಿ ಬಜಾರಿನ ಪುಸ್ತಕದಂಗಡಿಯಲ್ಲಿ ಬಿಲ್ ಹಾಕಿಸುತ್ತಾ ನಿಂತಾಗ ಕೇಳಿದವರಿದ್ದಾರೆ. ಕಾಲೇಜು ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು ಕೇಳಿದವರಿದ್ದಾರೆ. ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಲ್ಲ. ಇವತ್ತು ಬರೆದೇ ಬಿಡುತ್ತೇನೆ.

ನಿಮ್ಮ ಮಾತಿಗೆ ಎಷ್ಟು ಬೇಕೋ ಅಷ್ಟು ಕತೆ ಹೇಳಿ. ಕೊನೆಯ ಬಗ್ಗೆ ಮಾತಾಡಬೇಕಿದ್ದರೆ ಕೊನೆಯನ್ನೂ ಹೇಳಿ. ಪತ್ತೇದಾರಿ ಕಾದಂಬರಿಯಾದರೆ ಮಾತ್ರ ಕೊಲೆಗಾರ ಯಾರು ಅಂತ ಬಾಯಿ ಬಿಡಬೇಡಿ. ಆ ಒಂದು ಹೆಸರಿಗಾಗಿಯೇ ಓದುಗರು ಪುಟ ತಿರುವುತ್ತಿರುತ್ತಾರೆ.

ಆದರೆ ಎಲ್ಲ ಕಾದಂಬರಿಯೂ ಹೀಗೆ ಗುಟ್ಟಿನ ಮೇಲೆ ನಿಂತಿದೆ, ಗುಟ್ಟು ರಟ್ಟಾದರೆ ಕತೆಯಲ್ಲಿ ಇನ್ನೇನೂ ಉಳಿಯಲ್ಲ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಸ್ಪಾಯ್ಲರ್ ಅನ್ನುವ ಮಾತು ಸಿನಿಮಾದಿಂದ ಬಂದು ಪುಸ್ತಕಕ್ಕೂ ಅಂಟಿಕೊಂಡಿದೆ. ಎಷ್ಟು ಬಿಡಿಸಿದರೂ ಬಿಡುತ್ತಿಲ್ಲ. ಅದೂ ಕನ್ನಡದವರಿಗೆ! ರಾತ್ರಿಯಿಡೀ ಕೂತು ಬಯಲಾಟ, ಯಕ್ಷಗಾನ ನೋಡಿದ ಜನ ನಾವು. ಕೀಚಕ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರಾದರೂ ಆ ಚಾಪೆಯ ಮೇಲೆ ಇದ್ದರಾ?

ಬಸವನಗುಡಿಯಲ್ಲಿ ಒಂದು ಸಂಜೆ ಗಮಕ ಕೇಳಲು ಹೋಗಿದ್ದೆ. ಕುಮಾರವ್ಯಾಸನ ಉದ್ಯೋಗಪರ್ವ. ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಭಾಗ. ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಗಮಕಿಗಳು ಪದ್ಯ ಎತ್ತುವ ಮೊದಲೇ ಅವರ ತುಟಿ ಅಲ್ಲಾಡುತ್ತಿತ್ತು. ಪೂರ್ತಿ ಬಾಯಿಪಾಠ. ‘ಕೊರಳ ಸೆರೆ ಹಿಗ್ಗಿದವು’ ಅನ್ನುವಲ್ಲಿಗೆ ಬಂದಾಗ ತುಟಿ ನಿಂತಿತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಆ ಪದ್ಯವನ್ನೇ ನೋಡಿ. ನೀನು ಪಾಂಡವರ ಅಣ್ಣ ಅಂತ ಕೃಷ್ಣ ಹೇಳಿಯಾಗಿದೆ. ಕರ್ಣನ ಗಂಟಲು ಉಬ್ಬಿ ಬರುತ್ತದೆ, ಕಣ್ಣೀರು ಒತ್ತಿಕೊಂಡು ಬರುತ್ತದೆ. ಆಗ ಅವನ ಮನಸ್ಸಿಗೆ ಬರುವುದೇನು? ಅಯ್ಯೋ, ಕೌರವನಿಗೆ ಕೇಡಾಯಿತಲ್ಲ ಅಂತ! ಸಿಕ್ಕ ತಾಯಿ ನೆನಪಾಗಲಿಲ್ಲ, ತಮ್ಮಂದಿರು ನೆನಪಾಗಲಿಲ್ಲ, ರಾಜ್ಯವೂ ಇಲ್ಲ. ಕೊನೆ ಗೊತ್ತಿಲ್ಲದವರಿಗೆ ಅದು ಗೆಳೆಯನ ಮೇಲಿನ ಕಾಳಜಿ, ಅಷ್ಟೇ. ಕರ್ಣನ ರಥದ ಗಾಲಿ ಮುಂದೆ ಎಲ್ಲಿ ಹೂತುಹೋಗುತ್ತದೆ ಅಂತ ಅಜ್ಜಿಗೆ ಗೊತ್ತು. ಗೊತ್ತಿದ್ದಕ್ಕೇ ಆ ಸಾಲು ಅವರನ್ನು ಅಳಿಸಿತು.

ಸಾವಿರ ವರ್ಷದ ಹಿಂದೆ ರನ್ನನೂ ಇದನ್ನೇ ನಂಬಿ ಬರೆದ. ‘ಗದಾಯುದ್ಧ’ ಕಾವ್ಯಕ್ಕೆ ಅವನು ಹಿಡಿದುಕೊಂಡಿದ್ದು ಮಹಾಭಾರತದ ತುದಿಯನ್ನು. ಹಿಂದಿನದನ್ನೆಲ್ಲ ನೆನಪಾಗಿ ತಂದ. ಸಿಂಹಾವಲೋಕನ ಕ್ರಮ ಅಂತ ತಾನೇ ಕರೆದ. ಭೀಮನೇ ಗೆಲ್ಲುವುದು ಅಂತ ಕೇಳುಗರಿಗೆ ಗೊತ್ತಿದೆ ಅನ್ನುವುದು ಅವನಿಗೆ ತೊಡಕೇ ಆಗಲಿಲ್ಲ.

ಇದೆಲ್ಲ ಹಳೆಯ ಕಾವ್ಯಕ್ಕೆ ಸರಿ, ಕಾದಂಬರಿಗೆ ಹೇಗೆ ಅಂತ ಕೇಳುತ್ತಾರೆ. 1965ರಲ್ಲಿ ಬಂದ ‘ಸಂಸ್ಕಾರ’ ತೆಗೆದುಕೊಳ್ಳಿ. ಕೊನೆಯಲ್ಲಿ ಪ್ರಾಣೇಶಾಚಾರ್ಯರು ಗಾಡಿ ಹತ್ತಿ ದೂರ್ವಾಸಪುರಕ್ಕೆ ಹೊರಟಿದ್ದಾರೆ. ಹೋಗಿ ಏನು ಹೇಳುತ್ತಾರೆ, ಗೊತ್ತಿಲ್ಲ. ಇದೋ, ಕೊನೆ ಹೇಳಿಬಿಟ್ಟೆ. ಏನು ಹಾಳಾಯಿತು? ಓದದವರು ಈಗಲೂ ಮೊದಲ ಪುಟದಿಂದ ಓದಬೇಕು.

2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣ ಕತೆಗಳನ್ನು ಓದಿಸಿ ಇದನ್ನು ಪರೀಕ್ಷೆ ಮಾಡಿದ್ದರು. ಒಟ್ಟಾರೆ ಕೊನೆ ಮೊದಲೇ ತಿಳಿದವರೇ ಕತೆಗಳನ್ನು ಜಾಸ್ತಿ ಮೆಚ್ಚಿದರು. ಆಮೇಲೆ ಬಂದ ಕೆಲವು ಅಧ್ಯಯನಗಳು ಬೇರೆ ಮಾತು ಹೇಳಿವೆ. ಹಾಗಾಗಿ ಅದರ ಮೇಲೆ ಭಾರ ಹಾಕುವುದಿಲ್ಲ. ನನಗೆ ಆ ಅಜ್ಜಿಯೇ ಸಾಕು.

ನಾನು ವಿಮರ್ಶೆ ಬರೆಯಬೇಕಿರುವ ಪುಸ್ತಕವನ್ನು ಎರಡು ಸಲ ಓದುತ್ತೇನೆ. ಮೊದಲ ಸಲ ಕೈಯಲ್ಲಿ ಪೆನ್ಸಿಲ್ ಇರುವುದಿಲ್ಲ. ಎರಡನೇ ಸಲ ಇರುತ್ತದೆ. ಮುಂದೇನು ಅನ್ನುವ ಆತುರ ಇಳಿದ ಮೇಲೆಯೇ ಬರೆದವರ ಕೈಕೆಲಸ ಕಾಣಿಸುವುದು. ಮೂರನೇ ಅಧ್ಯಾಯದಲ್ಲಿ ಸುಮ್ನೆ ಬಂದು ಹೋದ ಕೊಡೆ ಕೊನೆಯಲ್ಲಿ ಯಾಕೆ ಅಷ್ಟು ತೂಕ ಪಡೆಯಿತು ಅಂತ ಆಗ ಗೊತ್ತಾಗುತ್ತದೆ. ಅದನ್ನು ಕೊನೆ ಮುಚ್ಚಿಟ್ಟು ವಿವರಿಸಲು ಆಗುವುದೇ ಇಲ್ಲ.

ಯಾರೂ ಕೇಳದ ಒಂದು ವಿಷಯವನ್ನೂ ಇಲ್ಲೇ ಹೇಳುತ್ತೇನೆ. ‘ಕೊನೆ ಹೇಳಲ್ಲ, ನೀವೇ ಓದಿ’ ಅನ್ನುವುದರ ಹಿಂದೆ ಎಷ್ಟೋ ಸಲ ಇರುವುದು ದಾಕ್ಷಿಣ್ಯ. ಬೆಂಗಳೂರಿನಲ್ಲಿ ಕನ್ನಡ ಬರೆಯುವವರಲ್ಲಿ ಹೆಚ್ಚಿನವರು ಒಬ್ಬರಿಗೊಬ್ಬರು ಗೊತ್ತು. ಭಾನುವಾರ ಬೆಳಗ್ಗೆ ಪುಸ್ತಕ ಬಿಡುಗಡೆ, ಅದಕ್ಕೂ ಮೊದಲು ಉಪ್ಪಿಟ್ಟು, ಕೇಸರಿಬಾತು, ಕಾಫಿ. ಲೇಖಕರು ‘ಪ್ರೀತಿಯಿಂದ’ ಅಂತ ಬರೆದು ಸಹಿ ಹಾಕಿ ಪುಸ್ತಕ ಕೈಗಿಡುತ್ತಾರೆ. ಅದರ ಕೊನೆ ಸೋತಿದೆ ಅಂತ ಹೇಗೆ ಬರೆಯುವುದು?

ನಾನೂ ಬರೆಯಲಿಲ್ಲ. ಗೆಳತಿಯೊಬ್ಬರ ಕಾದಂಬರಿ. ಮನೆ ಪಾಲಾದ ಮೇಲೆ ಮಾತು ಬಿಟ್ಟ ಅಣ್ಣ ತಂಗಿಯ ಕತೆ. ಮುನ್ನೂರು ಪುಟದಲ್ಲಿ ಇನ್ನೂರ ಅರವತ್ತು ಪುಟ ತುಂಬಾ ಚೆನ್ನಾಗಿತ್ತು. ಕೊನೆಗೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸುತ್ತಾರೆ, ಇಬ್ಬರೂ ಅಲ್ಲಿ ಒಂದಾಗಿಬಿಡುತ್ತಾರೆ. ಅಷ್ಟು ಜತನದಿಂದ ಕಟ್ಟಿದ ಸಿಟ್ಟು ಒಂದೇ ಪುಟದಲ್ಲಿ ಕರಗಿಹೋಗುತ್ತದೆ. ನಾನು ‘ಅಂತ್ಯವನ್ನು ಓದುಗರೇ ಓದಿ ಸವಿಯಬೇಕು’ ಅಂತ ಬರೆದು ಮುಗಿಸಿದೆ.

ಪ್ರಕಟವಾದ ದಿನ ಸಂಜೆ ಅವರ ಫೋನ್ ಬಂತು. ಥ್ಯಾಂಕ್ಸ್ ಹೇಳಿದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

“ಕೊನೆ ನಿಮಗೆ ಹಿಡಿಸಲಿಲ್ಲ ಅಲ್ವಾ?”

“ಹೌದು” ಅಂದೆ.

“ಬರೆಯಬೇಕಿತ್ತು ಕಣ್ರೀ. ನನಗೂ ಅಲ್ಲೇ ಅನುಮಾನ ಇತ್ತು. ಯಾರೂ ಬಾಯಿ ಬಿಡುತ್ತಿಲ್ಲ.”

ಆಮೇಲೆ ಒಂದು ಗಂಟೆ ಆ ಆಸ್ಪತ್ರೆಯ ಪುಟಗಳ ಬಗ್ಗೆಯೇ ಮಾತಾಡಿದೆವು. ತಂಗಿ ವಾರ್ಡಿನ ಒಳಗೆ ಬರದೆ ಬಾಗಿಲಲ್ಲೇ ನಿಂತುಬಿಟ್ಟಿದ್ದರೆ? ಅಣ್ಣ ತಿರುಗಿ ನೋಡದೇ ಹೋಗಿದ್ದರೆ? ಆ ಒಂದು ಗಂಟೆಯ ಮಾತು ನಾನು ಬರೆದ ವಿಮರ್ಶೆಯಲ್ಲಿ ಇರಬೇಕಿತ್ತು.