ಜೋಸೆಫನ ಕೋಟಿಗೆ ಎಷ್ಟು ತೂತು?

ನ್ಯೂಜೆರ್ಸಿಯ ಒಂದು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನನ್ನದು. ವಾರಕ್ಕೆರಡು ಬೆಳಿಗ್ಗೆ ಕಥೆ ಓದುತ್ತೇನೆ. ಮಕ್ಕಳು ಜಮಖಾನೆಯ ಮೇಲೆ, ಹಿರಿಯರು ಹಿಂದಿನ ಗೋಡೆಗೆ ಒರಗಿಕೊಂಡು. ಯಹೂದಿ ಕುಟುಂಬಗಳು ಇಲ್ಲಿ ಸಾಕಷ್ಟಿವೆ, ಕನ್ನಡದ ಮನೆಗಳೂ ನಾಲ್ಕಾರಿವೆ. ‘ಮಗುವಿಗೆ ಒಳ್ಳೆಯ ಮೌಲ್ಯ ಕಲಿಸುವ ಪುಸ್ತಕ ಕೊಡಿ’ ಎಂದು ಎರಡೂ ಕಡೆಯವರು ಕೇಳುತ್ತಾರೆ. ಹಾಗೆ ಕೇಳಿದವರಿಗೆ ನಾನು ತೂತುಗಳಿರುವ ಒಂದು ಪುಸ್ತಕ ಕೊಡುತ್ತೇನೆ.

ಸಿಮ್ಸ್ ಟಾಬ್ಯಾಕ್ ಅವರ ‘ಜೋಸೆಫ್ ಹ್ಯಾಡ್ ಎ ಲಿಟಲ್ ಓವರ್‌ಕೋಟ್’ ಅದು. 2000ರಲ್ಲಿ ಕ್ಯಾಲ್ಡಿಕಾಟ್ ಪದಕ, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಕೊಡುವ ಗೌರವ, ಪಡೆದದ್ದು. ಜೋಸೆಫನ ಓವರ್‌ಕೋಟು ಸವೆದು ತೇಪೆಮಯವಾದಾಗ ಅವನು ಅದನ್ನು ಜಾಕೆಟ್ ಮಾಡಿಕೊಳ್ಳುತ್ತಾನೆ. ಆಮೇಲೆ ವೇಸ್ಟ್‌ಕೋಟು, ಸ್ಕಾರ್ಫ್, ಟೈ, ಕರವಸ್ತ್ರ, ಕಡೆಗೊಂದು ಗುಂಡಿ. ಹಾಳೆಯಲ್ಲಿ ನಿಜವಾಗಿಯೂ ಕತ್ತರಿಸಿದ ಕಿಂಡಿಗಳಿವೆ. ಮಕ್ಕಳ ಬೆರಳು ಅಲ್ಲಿಗೇ ಹೋಗುತ್ತದೆ, ಮುಂದೇನಾದೀತು ಎಂಬ ಊಹೆ ಬೆರಳಿನಿಂದಲೇ ಶುರುವಾಗುತ್ತದೆ. ಒಮ್ಮೆ ಗದಗಿನಿಂದ ಬಂದಿದ್ದ ಒಬ್ಬ ಅಜ್ಜಿ, ಇಂಗ್ಲಿಷಿನ ಒಂದು ಮಾತೂ ತಿಳಿಯದವರು, ಕರವಸ್ತ್ರದ ಪುಟ ಬಂದಾಗ ಮೊಮ್ಮಗಳ ಕಿವಿಯಲ್ಲಿ ಇನ್ನು ಇದು ಕೌದಿಗೇ ಸೇರಬೇಕು ಎಂದರು. ಅವರ ಊಹೆ ತಪ್ಪಿತು. ಆದರೆ ಕಥೆ ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಸಿಕ್ಕಿತ್ತು.

ಈ ಕಥೆಯ ಬೇರು ಪೂರ್ವ ಯೂರೋಪಿನ ಯಹೂದಿಗಳ ಮಾತಾದ ಯಿಡ್ಡಿಷಿನ ಒಂದು ಹಾಡಿನಲ್ಲಿದೆ. ಇದರ ಹಿಂದೆ ಕಾಣುವ ಮೌಲ್ಯಕ್ಕೆ ಯಹೂದಿ ಪರಂಪರೆಯಲ್ಲಿ ‘ಬಾಲ್ ತಶ್ಖೀತ್’, ಹಾಳುಗೆಡವಬೇಡ, ಎಂಬ ಹೆಸರಿದೆ. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದು ಎಂದು ಬೈಬಲಿನ ಧರ್ಮೋಪದೇಶಕಾಂಡದ 20ನೇ ಅಧ್ಯಾಯ ಹೇಳುತ್ತದೆ. ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಆ ಮಾತನ್ನು ಬಟ್ಟೆಗೆ, ಪಾತ್ರೆಗೆ, ಅನ್ನಕ್ಕೆ ಹಿಗ್ಗಿಸಿದರು. ಜಮಖಾನೆಯ ಮೇಲೆ ಕುಳಿತವರಿಗೆ ಇದ್ಯಾವುದೂ ಬೇಕಿಲ್ಲ. ಗುಂಡಿಯೂ ಕಳೆದುಹೋದ ಪುಟದಲ್ಲಿ ಅವರಿಗಾಗುವ ದಿಗಿಲನ್ನು ನೀವು ನೋಡಬೇಕು. ಜೋಸೆಫ್ ಆಗ ಈ ಇಡೀ ಕಥೆಯನ್ನೇ ಪುಸ್ತಕ ಮಾಡುತ್ತಾನೆ. ಕೊನೆಯಲ್ಲೊಂದು ನೀತಿವಾಕ್ಯವೂ ಇದೆ, ಆದರೆ ಅದು ನಗೆಚಾಟಿಕೆಯ ವೇಷದಲ್ಲಿ ಬರುವುದರಿಂದ ನಾನು ಕ್ಷಮಿಸಿದ್ದೇನೆ.

ದಾನದ ವಿಷಯ ಸ್ವಲ್ಪ ನಾಜೂಕು. ‘ತ್ಸೆದಾಕಾ’ ಎಂಬ ಹೀಬ್ರೂ ಪದವನ್ನು ನಾವು ಥಟ್ಟನೆ ದಾನ ಎಂದುಬಿಡುತ್ತೇವೆ. ಆದರೆ ಆ ಪದದ ಮೂಲ ನ್ಯಾಯ. ಕೊಡುವವನು ದೊಡ್ಡವನಾಗುವುದಿಲ್ಲ, ಸಲ್ಲಬೇಕಾದದ್ದನ್ನು ಸಲ್ಲಿಸುತ್ತಾನೆ ಅಷ್ಟೇ. ಹನ್ನೆರಡನೆಯ ಶತಮಾನದ ಯಹೂದಿ ವಿದ್ವಾಂಸ ಮೈಮೊನಿಡೀಸ್ ಇದಕ್ಕೆ ಎಂಟು ಮೆಟ್ಟಿಲು ಹೇಳಿದರು. ಸಾಲವನ್ನೋ ಕೆಲಸವನ್ನೋ ಕೊಟ್ಟು ಒಬ್ಬನನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವುದು ಎಲ್ಲಕ್ಕೂ ಮೇಲಿನದು. ನಾಲ್ಕು ವರ್ಷದವರಿಗೆ ಎಂಟು ಮೆಟ್ಟಿಲು ಹತ್ತಿಸುವುದು ಬೇಡ. ಶುಕ್ರವಾರ ಸಂಜೆ, ಶಬ್ಬಾತ್ ಎಂಬ ವಾರದ ವಿಶ್ರಾಂತಿ ದಿನದ ಮೇಣದಬತ್ತಿ ಹಚ್ಚುವ ಮೊದಲು, ಮನೆಯ ಡಬ್ಬಿಗೆ, ಯಿಡ್ಡಿಷಿನಲ್ಲಿ ‘ಪುಷ್ಕೆ’, ಒಂದು ನಾಣ್ಯ ಹಾಕುವ ಚಿತ್ರವಿದ್ದರೆ ಸಾಕು. ಓದುವಾಗ ನಾನೂ ತಗಡಿನ ಡಬ್ಬಿಗೆ ನಾಣ್ಯ ಬೀಳಿಸುತ್ತೇನೆ. ಸದ್ದು ಕೇಳಿದ ಮೇಲೆ ಎಲ್ಲರಿಗೂ ತಾವೂ ಹಾಕಬೇಕು.

ಎಡವಿದ್ದೂ ಇದೆ. ಚಾಡಿ ಹೇಳಿದವನಿಗೆ ರಬ್ಬಿ ದಿಂಬು ಹರಿದು ಗರಿಗಳನ್ನು ಗಾಳಿಗೆ ತೂರಲು ಹೇಳಿ, ಆಮೇಲೆ ಅವನ್ನೆಲ್ಲ ಆರಿಸಿ ತಾ ಎನ್ನುವ ಹಳೆಯ ಕಥೆಯನ್ನು ಒಮ್ಮೆ ತೀರ ಚಿಕ್ಕವರಿಗೆ ಓದಿದೆ. ಮುಗಿಸಿ, ಏನು ಕಲಿತಿರಿ ಎಂದು ಕೇಳಿದೆ. ಒಬ್ಬ ಹುಡುಗನಿಗೆ ಆ ರಾತ್ರಿ ಯಾರು ದಿಂಬಿಲ್ಲದೆ ಮಲಗಿದರು ಎಂಬ ಚಿಂತೆ. ಉಳಿದವರಿಗೆ ಗರಿ ತೂರುವ ಆಸೆ. ಮಾತು ಮರಳಿ ಬಾರದು ಎಂಬ ಹೋಲಿಕೆ ಹಿಡಿಯಲು ಏಳೆಂಟು ವರ್ಷವಾಗಬೇಕು. ಆ ಪ್ರಶ್ನೆಯನ್ನಂತೂ ಅಂದಿನಿಂದ ಬಿಟ್ಟೆ.

ನನ್ನ ವೃತ್ತಿಯವರ ಮೇಲೆ ಒಂದು ದೂರಿದೆ. ಯಹೂದಿ ಪುಸ್ತಕಗಳನ್ನು ನಾವು ಡಿಸೆಂಬರಿನಲ್ಲಿ, ಹನುಕ್ಕಾ ಹೆಸರಿನಲ್ಲಿ ಹೊರಗಿಟ್ಟು ಜನವರಿಯಲ್ಲಿ ಒಳಗಿಡುತ್ತೇವೆ. ಧರ್ಮದ ಲೆಕ್ಕದಲ್ಲಿ ಹನುಕ್ಕಾ ಚಿಕ್ಕ ಹಬ್ಬ. ಶಬ್ಬಾತ್ ಪ್ರತಿ ವಾರ ಬರುತ್ತದೆ; ಅತಿಥಿ, ಡಬ್ಬಿ, ಹೆಣೆದ ಹಲ್ಲಾ ಬ್ರೆಡ್ಡು ಎಲ್ಲ ಆ ಕಥೆಗಳಲ್ಲೇ ಸಿಗುತ್ತವೆ.

ಮ್ಯಾಸಚೂಸೆಟ್ಸ್‌ನ ಹೆರಾಲ್ಡ್ ಗ್ರಿನ್‌ಸ್ಪೂನ್ ಪ್ರತಿಷ್ಠಾನ 2005ರಲ್ಲಿ ಶುರುಮಾಡಿದ ‘ಪಿಜೆ ಲೈಬ್ರರಿ’ ಇಂಥ ಪುಸ್ತಕಗಳನ್ನು ಉಚಿತವಾಗಿ ಮನೆಗೆ ಕಳಿಸುತ್ತದೆ. ಪಿಜೆ ಎಂದರೆ ಪೈಜಾಮ, ಮಲಗುವ ಹೊತ್ತಿನ ಓದು ಎಂದರ್ಥ. ರಕ್ಷಾಪುಟದ ಮಡಿಕೆಯಲ್ಲಿ ತಂದೆತಾಯಿಗೆಂದು ಮೌಲ್ಯದ ವಿವರಣೆ ಅಚ್ಚಾಗಿರುತ್ತದೆ, ಚೆನ್ನಾಗಿಯೂ ಇರುತ್ತದೆ. ಎಷ್ಟೋ ಜನ ಅದನ್ನೂ ಮಗುವಿಗೆ ಗಟ್ಟಿಯಾಗಿ ಓದಿಬಿಡುತ್ತಾರೆ. ಮಗು ಮಲಗಿದ ಮೇಲೆ ಓದಿಕೊಳ್ಳಿ.