ಬೇಸರವೇ ಬೇಜಾರಾಯಿತೇ?

ಓದುಗರ ಪ್ರಶ್ನೆ: "ನನಗೆ ಬೇಜಾರು" ಎಂದರೆ ದುಃಖವಾಗಿದೆ ಎಂದೋ, ಹೊತ್ತು ಹೋಗುತ್ತಿಲ್ಲ ಎಂದೋ? ಬೇಸರವೇ ಜನರ ಬಾಯಲ್ಲಿ ಸವೆದು ಬೇಜಾರಾಗಿದೆಯೇ?

ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳೋಣ. ಉಚ್ಚಾರದಲ್ಲೂ ಅರ್ಥದಲ್ಲೂ ಇಷ್ಟು ಹತ್ತಿರವಿರುವ ಈ ಎರಡು ಪದಗಳು ಹುಟ್ಟಿನಿಂದ ನೆಂಟರಲ್ಲ. ಬೇಜಾರು ಪಾರಸಿಯಿಂದ ಬಂದದ್ದು. ಅಲ್ಲಿ ಅದಕ್ಕೆ ರೋಸಿಹೋದ, ಜಿಗುಪ್ಸೆಗೊಂಡ ಎಂಬ ಅರ್ಥ. ಹಿಂದಿ, ಮರಾಠಿಗಳಲ್ಲೂ ಬಳಕೆಯಲ್ಲಿರುವ ಈ ಪದ ಬಜಾರು, ದರ್ಬಾರುಗಳಂತೆಯೇ ಕೊನೆಗೊಂದು ಉಕಾರ ಸೇರಿಸಿಕೊಂಡು ಕನ್ನಡದ್ದೇ ಆಗಿಹೋಯಿತು.

ಬೇಸರವಾದರೋ ನಮ್ಮ ಹಳೆಯ ಸೊತ್ತು. ಹಳಗನ್ನಡದಲ್ಲಿ ಅದರ ಮೂಲ ಬೇಸಱ್ ಎಂಬ ಧಾತು; ಕೊನೆಯ ಱ ಈಗ ಬಳಕೆ ತಪ್ಪಿದ ಹಳೆಯ ರಕಾರ. ಇದಕ್ಕೆ ಸಾಕ್ಷಿ ಹುಡುಕಲು ನಿಘಂಟನ್ನೂ ತೆರೆಯಬೇಕಿಲ್ಲ: ಹಿಂದೆ ಇದೇ ಱಕಾರವಿದ್ದ ಹೊರು ಎಂಬುದು ಭೂತಕಾಲದಲ್ಲಿ ಹೊತ್ತು ಆಗುವಂತೆ, ಹೆರು ಎಂಬುದು ಹೆತ್ತು ಆಗುವಂತೆ, ಬೇಸರು ಎಂಬುದು ಬೇಸತ್ತು ಆಗುತ್ತದೆ. "ಕಾದು ಕಾದು ಬೇಸತ್ತೆ" ಎನ್ನುವಾಗ ನಮಗೆ ಅರಿವಿಲ್ಲದೆಯೇ ಆ ಹಳೆಯ ಱಕಾರದ ಗುರುತನ್ನು ಉಳಿಸಿಕೊಂಡಿರುತ್ತೇವೆ. ಬೇಜಾರಿಗೆ ಈ ಸಾಮರ್ಥ್ಯವಿಲ್ಲ. ಹೊರಗಿನಿಂದ ಬಂದ ನಾಮಪದವಾದ್ದರಿಂದ ಅದು ಆಗು, ಮಾಡು, ಪಡು ಮುಂತಾದ ಕ್ರಿಯಾಪದಗಳ ಕೈಹಿಡಿದೇ ನಡೆಯಬೇಕು.

ಮೊದಲ ಪ್ರಶ್ನೆಗೆ ಉತ್ತರವಿರುವುದೂ ಆ ಕ್ರಿಯಾಪದಗಳಲ್ಲೇ. ರಜೆಗೆ ಅಜ್ಜಿಮನೆಗೆ ಬಂದ ಹುಡುಗ ಮಧ್ಯಾಹ್ನ ಜಗಲಿಯಲ್ಲಿ ಕುಳಿತು "ಬೇಜಾರಾಗ್ತಿದೆ ಅಜ್ಜಿ" ಎಂದರೆ ಅವನಿಗೆ ಹೊತ್ತು ಹೋಗುತ್ತಿಲ್ಲ. ಅವನು ಊರಿಗೆ ಹೊರಟು ನಿಂತಾಗ ಅಜ್ಜಿ "ಇಷ್ಟು ಬೇಗ ಹೊರಟೆಯಲ್ಲ, ಬೇಜಾರಾಯ್ತು ಕಣೋ" ಎಂದರೆ ಅದು ಸಂಕಟ. ನಡೆಯುತ್ತಿರುವ ಕಾಲದಲ್ಲಿ ಹೇಳಿದರೆ ಸಾಮಾನ್ಯವಾಗಿ ಬೋರು, ಕಳೆದ ಘಟನೆಗೆ ಅಂಟಿಸಿ ಹೇಳಿದರೆ ದುಃಖ; ಇದು ನಿಯಮವಲ್ಲ, ಕಿವಿಗೆ ಸಿಗುವ ಒಲವು ಮಾತ್ರ. ಪ್ರಶ್ನೆಯಲ್ಲಿರುವ "ನನಗೆ ಬೇಜಾರು" ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲದ್ದರಿಂದಲೇ ಅದು ಎರಡಕ್ಕೂ ಒಗ್ಗುತ್ತದೆ. "ಅವನ ಮೇಲೆ ಬೇಜಾರಿದೆ" ಎಂದಾಗ ಮಾತ್ರ ಮೂರನೆಯದೇ ಅರ್ಥ ಮೂಡುತ್ತದೆ: ಕೋಪವೆನ್ನುವಷ್ಟು ಬಿಸಿಯಿಲ್ಲದ, ಆದರೆ ಆರದೆ ಉಳಿದ ಅಸಮಾಧಾನ.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು "ಬೇಜಾರು ಮಾಡಿಕೊಳ್ಳಬೇಡಿ" ಎಂಬ ಬಳಕೆ. ಬಸ್ಸಿನ ಕಂಡಕ್ಟರ್ ಚಿಲ್ಲರೆಯಿಲ್ಲದೆ "ಬೇಜಾರು ಮಾಡ್ಕೋಬೇಡಿ ಸಾರ್, ಇಳಿಯುವಾಗ ಕೊಡ್ತೀನಿ" ಎನ್ನುವಾಗ ಅದರಲ್ಲಿ ಕ್ಷಮೆಯೂ ಇದೆ, ಕೊಳ್ಳು ಎಂಬ ಸಹಾಯಕ ಕ್ರಿಯಾಪದದ ಬಲದಿಂದ ನೊಂದುಕೊಳ್ಳುವ ಹೊಣೆಯನ್ನು ಎದುರಿನವರ ಹೆಗಲಿಗೇ ಜಾರಿಸುವ ಜಾಣತನವೂ ಇದೆ. ತುಳುವರು "ಬೇಜಾರ್ ಮಲ್ಪೊಡ್ಚಿ" ಎನ್ನುವುದೂ ಇದೇ ಭಾವದಲ್ಲಿ.

ಬರವಣಿಗೆಯಲ್ಲಿ ಇವೆರಡರ ಪಂಕ್ತಿ ಬೇರೆ. ಪತ್ರಿಕೆಗಳಲ್ಲಿ ಸಚಿವರು "ಬೇಸರ ವ್ಯಕ್ತಪಡಿಸುತ್ತಾರೆ". ಬೇಜಾರು ವ್ಯಕ್ತಪಡಿಸಿದರೆ ಓದುಗ ನಕ್ಕಾನು. ಆದರೆ ಉತ್ತರ ಕರ್ನಾಟಕದಲ್ಲಿ ಬೇಸರಕ್ಕೆ ಈ ಗಾಂಭೀರ್ಯದ ಹಂಗಿಲ್ಲ. ಅಲ್ಲಿ ಅದು ಬ್ಯಾಸರವಾಗಿ, ಬ್ಯಾಸರಕಿಯಾಗಿ ಮನೆಮಾತಿನಲ್ಲೇ ಓಡಾಡಿಕೊಂಡಿದೆ.