ಟರ್ಮಿನಲ್‌ನಲ್ಲೇ ಟಿಪ್ಪಣಿ: ಗ್ರೆಪ್‌ಗೆ ಕನ್ನಡ ಹೇಗೆ ಕಾಣುತ್ತದೆ?

ಲಿನಕ್ಸ್ ಕಲಿಯುವಾಗ ಬರೆದಿಡಬೇಕಾದ ಚಿಕ್ಕಪುಟ್ಟ ಸಂಗತಿ ಜಾಸ್ತಿ. ಅದಕ್ಕಾಗಿ ಬೇರೆ ಆ್ಯಪ್ ತೆರೆದರೆ ಮಾಡುತ್ತಿದ್ದ ಕೆಲಸ ಮರೆತುಹೋಗುತ್ತದೆ. ಶೆಲ್‌ನಲ್ಲಿ (ಟರ್ಮಿನಲ್‌ನಲ್ಲಿ ನಮ್ಮ ಆಜ್ಞೆ ನಡೆಸುವ ಪ್ರೋಗ್ರಾಂ) ಬರೆಯಲು ಎಕೋ (echo), ಕಡತದೊಳಗೆ ಹುಡುಕಲು ಗ್ರೆಪ್ (grep) ಇದ್ದೇ ಇವೆ, ಅಷ್ಟು ಸಾಕು. (ಆಜ್ಞೆಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.)

ಬರೆಯುವ ಕ್ರಮ ಹೀಗೆ: ಮೊದಲು ಎಕೋ, ಆಮೇಲೆ ಒಂಟಿ ಉದ್ಧರಣ ಚಿಹ್ನೆಯೊಳಗೆ ನಿಮ್ಮ ಮಾತು, ನಂತರ >>, ಕೊನೆಗೆ ಕಡತದ ಹೆಸರು. ಮಾತು ಕಡತದ ತುದಿಗೆ ಹೊಸ ಸಾಲಾಗಿ ಸೇರುತ್ತದೆ. ಒಂದು ಸಾಲಿಗೆ ಒಂದೇ ವಿಷಯ ಇರಲಿ. ಕೊನೆಯಲ್ಲಿ #ಜಾಲ, #ಪರೀಕ್ಷೆ ಥರ ಒಂದು ಗುರುತು ಹಾಕಿ, ಆಗ ಫೋಲ್ಡರ್ ಮಾಡುವ ಅಗತ್ಯವೇ ಇಲ್ಲ. ಗುರುತನ್ನು ಗ್ರೆಪ್‌ನಲ್ಲಿ ಹುಡುಕುವಾಗಲೂ ಉದ್ಧರಣ ಚಿಹ್ನೆ ಬೇಕು. ಇಲ್ಲದಿದ್ದರೆ # ಇಂದ ಮುಂದಿನದನ್ನೆಲ್ಲ ಶೆಲ್ ಕಮೆಂಟ್ ಎಂದು ಬಿಟ್ಟುಬಿಡುತ್ತದೆ.

ಎಚ್ಚರ: >> ಬದಲು > ಒಂದೇ ಹಾಕಿದರೆ ಹಳೆಯದೆಲ್ಲ ಅಳಿದು ಹೊಸ ಸಾಲು ಮಾತ್ರ ಉಳಿಯುತ್ತದೆ. ಶೆಲ್ ಒಂದು ಮಾತೂ ಕೇಳುವುದಿಲ್ಲ. ನನ್ನ ಎರಡು ತಿಂಗಳ ಟಿಪ್ಪಣಿ ಹಾಗೇ ಹೋಯಿತು, ಈಗಲೂ ಬೇಜಾರಿದೆ. ನಿಮ್ಮ ಶೆಲ್ ಬ್ಯಾಶ್ ಆಗಿದ್ದರೆ, ಅದರ ಸೆಟ್ಟಿಂಗ್ ಕಡತದಲ್ಲಿ (.bashrc) ‘set -o noclobber’ ಎಂದು ಬರೆದಿಟ್ಟರೆ ಒಂಟಿ ಬಾಣವು ಈಗಾಗಲೇ ಇರುವ ಕಡತವನ್ನು ಮುಟ್ಟುವುದಿಲ್ಲ. ಇವತ್ತೇ ಬರೆದಿಡಿ.

ಇನ್ನು ಹುಡುಕಾಟ. ಗ್ರೆಪ್ 1973ರಿಂದ ಯುನಿಕ್ಸ್‌ನಲ್ಲಿದೆ. ಅದಕ್ಕೆ ನಮ್ಮ ಪದ, ವಿಭಕ್ತಿ ಏನೂ ಗೊತ್ತಿಲ್ಲ, ಕೋಡ್‌ಗಳ ಸಾಲನ್ನಷ್ಟೇ ಹೋಲಿಸುತ್ತದೆ. ‘ಕನ್ನಡ’ ನಮಗೆ ಮೂರು ಅಕ್ಷರ, ಅಲ್ವಾ? ಪ್ರತಿ ಲಿಪಿಚಿಹ್ನೆಗೂ ಒಂದು ಕೋಡ್ ಕೊಡುವ ಯುನಿಕೋಡ್‌ನಲ್ಲಿ ಅದು 5 ಕೋಡ್: ಕ, ನ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ನ, ಡ. ಆ ಕೋಡ್‌ಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕಡತದಲ್ಲಿ 15 ಬೈಟ್. ಹಾಗಾಗಿ ಗ್ರೆಪ್‌ನಲ್ಲಿ ‘ಏನಾದರೂ ಒಂದು’ ಎಂದು ಸೂಚಿಸುವ ಚುಕ್ಕಿ (.) ಎಂದರೆ ಒಂದು ಕೋಡ್, ಒಂದು ಅಕ್ಷರವಲ್ಲ.

ಸ್ವರ ಚಿಹ್ನೆಯೂ ಬೇರೆಯೇ ಕೋಡ್. ‘ಹೆಸರು’ ಎಂದು ಹುಡುಕಿದರೆ ‘ಹೆಸರಿನಲ್ಲಿ’ ಸಿಗುವುದಿಲ್ಲ, ಕೊನೆಯ ಕೊಂಬು ಅಲ್ಲಿಲ್ಲ. ‘ಹೆಸರ’ ಎಂದು ಹುಡುಕಿ, ಎರಡೂ ಸಿಗುತ್ತವೆ. ಇದರ ಇನ್ನೊಂದು ಮುಖವೂ ಇದೆ: ‘ಮರ’ ಎಂದರೆ ‘ಮರದ’, ‘ಮರಕ್ಕೆ’ ಜೊತೆ ‘ಮರೆವು’ ಕೂಡ ಬರುತ್ತದೆ.

ನನಗೆ ತುಂಬಾ ಹೊತ್ತು ಹಿಡಿದದ್ದು ‘ಸಾಫ್ಟ್‌ವೇರ್’. ಟ್ ಮತ್ತು ವೇ ಬೆಸೆಯದಂತೆ ಅವುಗಳ ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಕೂತಿರುತ್ತದೆ. ಹುಡುಕುವಾಗ ಅದನ್ನು ಬಿಟ್ಟರೆ ಗ್ರೆಪ್ ಸುಮ್ನೆ ಖಾಲಿ ಕೈಯಲ್ಲಿ ಬರುತ್ತದೆ. ಇಂಥ ಪದಕ್ಕೆ ‘ಸಾಫ್ಟ್’ ಎಂದು ಮೊದಲ ಭಾಗವನ್ನು ಮಾತ್ರ ಕೊಡಿ.